ಮಸ್ತಾನಸಾಬನ ಸನದಿನ ಕೊನೆಯ ಸಾಲು

ಕಳೆದ ಸೋಮವಾರ ನಮ್ಮ ಓಣಿಯ ಒಂದು ಹೋತಕ್ಕೆ ಹೊಸ ಹೆಸರು ಬಿತ್ತು.

ಎದುರುಮನೆಯ ಅಜ್ಜಿ ಅಂಗಳದಲ್ಲಿ ಹಳೆಯ ಸೀರೆ ಹಾಸಿ ಸಂಡಿಗೆ ಹಾಕಿದ್ದರು. ಬೆಳಗ್ಗೆಯಿಂದ ಬಗ್ಗಿದ ಸೊಂಟ ಎತ್ತದೆ ಬಿಟ್ಟ ಸಂಡಿಗೆ. ಅತ್ತ ಅವರು ನೀರಿಗೆ ಹೋದರು, ಇತ್ತ ಹೋತ ಬಂತು. ಅರ್ಧ ತಿಂದಿತು, ಅರ್ಧ ತುಳಿಯಿತು. ಅಜ್ಜಿ ಕೊಡ ಇಳಿಸಿ ಕೋಲು ಹಿಡಿದು ಬಂದವರೇ ಶುರು ಮಾಡಿದರು: "ಏ ರಜಾಕಾರಾ, ನಿನ್ನ ಹೆಣಾ ಎತ್ಲಿ. ಎಲ್ಲಾ ಹಾಳ ಮಾಡಿ ಹೊಂಟಿ ನೋಡ."

ಓಣಿಗೆ ಓಣಿಯೇ ನಕ್ಕಿತು. ಕಟ್ಟೆಯ ಮೇಲೆ ಕೂತಿದ್ದ ನಾನೂ ನಕ್ಕೆ. ನಮ್ಮ ಕಲ್ಯಾಣದಲ್ಲಿ ಜನ ನಕ್ಕು ಬಹಳ ದಿನವಾಗಿತ್ತು. ಹೋತದ ನೆಪದಲ್ಲಾದರೂ ನಗೋಣ ಅನಿಸಿತು.

ಒಳಗೆ ರೊಟ್ಟಿ ಬಡಿಯುವ ಸದ್ದು ಮಾತ್ರ ನಿಂತುಹೋಯಿತು. ಒಳಗಿದ್ದವಳು ನನ್ನ ತಂಗಿ ನೀಲವ್ವ. ಹುಲಸೂರಿನ ಆಚೆ ಒಂದು ಹಳ್ಳಿಯಲ್ಲಿ ಅವಳ ಮನೆಯಿತ್ತು. ಹೋದ ವರ್ಷ ಖಾಕಿ ತೊಟ್ಟು ಬಂದೂಕು ಹಿಡಿದು ಬಂದವರು ಆ ಮನೆ ಸುಟ್ಟರು, ಅವಳ ಗಂಡನನ್ನು ಹೊಸ್ತಿಲಲ್ಲೇ ಕೊಂದರು. (ಗೋರ್ಟಾದ ಕಗ್ಗೊಲೆಯ ಸುದ್ದಿ ನೀವೆಲ್ಲ ಕೇಳಿದ್ದೀರಿ. ಸಣ್ಣ ಊರುಗಳ ಸುದ್ದಿ ಯಾರೂ ಕೇಳಲಿಲ್ಲ, ಅಷ್ಟೇ.) ಆ ಖಾಕಿಯವರು ತಮ್ಮನ್ನು ತಾವು ಕರೆದುಕೊಂಡ ಹೆಸರು ಈಗ ಹೋತದ ಹೆಸರು. ತಂಗಿಗೆ ಕೇಳುವ ಹಾಗೆ ನಾನು ನಗಬಾರದಿತ್ತು.

ನಗು ನುಂಗಿ ತಿರುಗಿದರೆ ಕಟ್ಟೆಯ ಕೆಳಗೆ ಖಾಸಿಂಬಿ ನಿಂತಿದ್ದಳು. ಹುಮನಾಬಾದಿನ ಪಿಂಜಾರ ಮಸ್ತಾನಸಾಬನ ಹೆಂಡತಿ. ಹೆಂಡತಿ ಎಂದು ಬರೆದುಬಿಟ್ಟೆ, ಈಗ ವಿಧವೆ. ಕೈಯಲ್ಲಿ ಕೌದಿಯ ತುಂಡಿನಲ್ಲಿ ಸುತ್ತಿದ ಒಂದು ಚಪ್ಪಟೆ ಗಂಟು. ಹೋತಕ್ಕೆ ಬಿದ್ದ ಬೈಗುಳ ಅವಳೂ ಕೇಳಿದ್ದಳು. ನಾನು ನಕ್ಕದ್ದನ್ನೂ ನೋಡಿದ್ದಳು.

ಗಂಟಿನಲ್ಲಿ ಏನಿದೆ ಎಂದು ಬಿಚ್ಚದೆಯೇ ನನಗೆ ಗೊತ್ತಾಯಿತು. ಅದರಲ್ಲಿ ನನ್ನ ಕೈಬರಹವಿತ್ತು.

ನೀವು ಈ ಕಾಲಂ ಓದುತ್ತ ಬಂದವರು. ನಾನು ಇಲ್ಲಿ ವಾರವಾರ ಮಾಡುವ ಕೆಲಸ ನಿಮಗೆ ಗೊತ್ತು. ಶಬ್ದಗಳ ಬೇರು ಅಗೆಯುವುದು. ಶಾಲೆಯಲ್ಲಿ ಉರ್ದು ಕಲಿಸಿಯೇ ತಲೆ ನರೆತ ಮಾಸ್ತರನಿಗೆ ಇನ್ನೇನು ಬರುತ್ತದೆ? ಬದ್ಮಾಶ ಎಂದರೆ ಕೆಟ್ಟ ಕಸುಬಿನಿಂದ ಹೊಟ್ಟೆ ಹೊರೆಯುವವನು ಎಂದು ಬರೆದೆ. ದಾದಾ ಎಂದರೆ ಮರಾಠಿಯಲ್ಲಿ ಅಣ್ಣ, ಅಣ್ಣನೇ ಹೇಗೆ ಪೇಟೆಯಲ್ಲಿ ತೋಳು ತಿರುವುವವನಾದ ಎಂದು ಬರೆದೆ. ಪಾಠ ಹೇಳುವ ಉಸ್ತಾದ ನಮ್ಮ ಬಾಯಲ್ಲಿ ವಸ್ತಾದನಾಗಿ ಗರಡಿಮನೆ ಸೇರಿದ್ದನ್ನು ಬರೆದಾಗ ನೀವೆಲ್ಲ ನಕ್ಕು ಕಾಗದ ಹಾಕಿದಿರಿ.

ಆಮೇಲೆ ನನಗೆ ಧೈರ್ಯ ಬಂತು. ಬೈಗುಳಗಳಿಗೆ ಕೈ ಹಾಕಿದೆ. ಕಾಫರ ಎಂಬ ಶಬ್ದ ಅರಬ್ಬಿಯಲ್ಲಿ ಮುಚ್ಚುವವನು ಎಂಬ ಮಾತಿನಿಂದ ಬಂದದ್ದು, ಬೀಜಕ್ಕೆ ಮಣ್ಣು ಮುಚ್ಚುವ ಒಕ್ಕಲಿಗನಿಗೂ ಅಲ್ಲಿ ಅದೇ ಶಬ್ದ ಎಂದೆ. ಹೊಲೆಯ ಎಂಬ ಶಬ್ದ ಹೊಲದಿಂದ ಬಂತೆಂದು ಕೆಲವು ಪಂಡಿತರು ಹೇಳುತ್ತಾರೆ ಎಂದೆ. ನೋಡಿ, ಇಬ್ಬರೂ ಹೊಲದಲ್ಲಿ ದುಡಿಯುವವರೇ, ಬೈಗುಳ ಆಮೇಲೆ ಹತ್ತಿದ ಕೆಸರು ಎಂದು ದೊಡ್ಡ ಮಾತು ಆಡಿ ಮುಗಿಸಿದೆ. ಎಡಿಟರ್ ಭೇಷ್ ಅಂದರು.

ಅದಾಗಿ ಸ್ವಲ್ಪ ದಿನಕ್ಕೆ ಮೋರಖಂಡಿಯ ಒಬ್ಬ ಕೂಲಿಯವನು ಸಂತೆಯಲ್ಲಿ ನನ್ನನ್ನು ನಿಲ್ಲಿಸಿದ. ಅವನಿಗೆ ಓದು ಬರದು, ಯಾರಿಂದಲೋ ಓದಿಸಿ ಕೇಳಿದ್ದ. "ನಮ್ಮ ಜಾತಿ ಹೆಸರಿನ ಮೂಲ ಬರ್ದೀರಂತ್ರಿ ಮಾಸ್ತರ. ಚಲೋ ಆತು. ಬೈಯವ್ರಿಗಿ ಮೂಲ ತಿಳಿದ್ರ ಮೆಲ್ಲಕ ಬೈತಾರೇನ್ರಿ?"

ಅವನಿಗೆ ನಾನು ಏನು ಉತ್ತರ ಕೊಟ್ಟೆ? ಕೊಡಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಸರಸರ ನಡೆದೆ. (ಬಸ್ಸು ಬರುವುದಕ್ಕೆ ಇನ್ನೂ ಬಹಳ ಹೊತ್ತಿತ್ತು.) ಉತ್ತರ ಕೊಡದೆ ನಡೆಯುವುದು ನನಗೆ ಹೊಸದಲ್ಲ, ಅದನ್ನು ಹೇಳುವುದಕ್ಕೇ ಇವತ್ತು ಕೂತಿದ್ದೇನೆ.

ನಿಮ್ಮಲ್ಲಿ ಮೂವರು ನನಗೆ ಕಾಗದ ಬರೆದು ಒಂದೇ ಪ್ರಶ್ನೆ ಕೇಳಿದ್ದೀರಿ. ರಜಾಕಾರ ಎಂಬ ಶಬ್ದದ ಮೂಲ ಏನು? ಮೂರು ಕಾಗದಗಳೂ ತಗಡಿನ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಬಿದ್ದಿವೆ. ಉತ್ತರ ಗೊತ್ತಿಲ್ಲದೆ ಅಲ್ಲ. ಆ ಶಬ್ದವನ್ನು ನಾನೇ ನನ್ನ ಕೈಯಾರೆ, ದೊಡ್ಡ ಅಕ್ಷರದಲ್ಲಿ, ಒಬ್ಬ ಮನುಷ್ಯನ ಹೆಸರಿನ ಮುಂದೆ ಬರೆದಿದ್ದೆ.

ಆಗ ನಾನು ಹುಮನಾಬಾದಿನಲ್ಲಿದ್ದೆ. ಹೊಸದಾಗಿ ನೌಕರಿ ಸೇರಿದ್ದೆ. ಪ್ಲೇಗು ಬಂತು. ಇಲಿ ಬಿದ್ದ ಸುದ್ದಿ ಹಬ್ಬಿದ ಕೂಡಲೇ ಊರು ಖಾಲಿ. ಎಲ್ಲರೂ ಹೊಲಗಳಲ್ಲಿ ತಟ್ಟಿ ಕಟ್ಟಿಕೊಂಡು ಉಳಿದರು. ಅಪ್ಪ ಮೊದಲೇ ತೀರಿಕೊಂಡಿದ್ದ. ನಾನೂ ಅವ್ವನೂ ಒಂದು ಹುಣಸೆಮರದ ಹತ್ತಿರ ಗುಡಿಸಲು ಹಾಕಿದೆವು. ನೀಲವ್ವ ಗಂಡನ ಮನೆಯಲ್ಲಿದ್ದಳು. ಆ ಊರಿನವರು ಈ ಕಡೆಯಿಂದ ಒಂದು ನರಪಿಳ್ಳೆಯನ್ನೂ ಒಳಗೆ ಬಿಡುತ್ತಿರಲಿಲ್ಲ, ಹೊರಗೂ ಬಿಡುತ್ತಿರಲಿಲ್ಲ.

ತಹಸೀಲಿನವರು ಹೆಣ ಹೊರುವುದಕ್ಕೆ ಜನ ಬೇಕೆಂದು ಡಂಗುರ ಸಾರಿದರು. ಯಾರು ಬರುತ್ತಾರೆ? ಸ್ವಂತ ಮಕ್ಕಳೇ ತಾಯಿತಂದೆಯರ ಹೆಣ ಬಿಟ್ಟು ಓಡುತ್ತಿದ್ದ ಕಾಲ. ಕೆಲವೇ ಕೆಲವರು ಬಂದರು. ಅವರಲ್ಲಿ ಒಬ್ಬ ಮಸ್ತಾನಸಾಬ. ಬಿಲ್ಲು ಹೆಗಲಿಗೇರಿಸಿ ಓಣಿ ಓಣಿ ತಿರುಗಿ, ಹಾಸಿಗೆಯ ಹತ್ತಿ ಹಿಂಜಿ ಕೊಡುತ್ತಿದ್ದ ಮನುಷ್ಯ. ಆ ಜನರ ತೋಳಿಗೆ ತಹಸೀಲಿನವರು ಬಿಳಿ ಬಟ್ಟೆಯ ಪಟ್ಟಿ ಕಟ್ಟಿದರು. ಅದರ ಮೇಲೆ ಉರ್ದುವಿನಲ್ಲಿ ಒಂದು ಶಬ್ದ: ರಜಾಕಾರ. ಇಂಗ್ಲಿಷ್ ಬಲ್ಲವರು ವಾಲಂಟಿಯರ್ ಅನ್ನುತ್ತಿದ್ದರು. ಆಗ ಆ ಪಟ್ಟಿ ಕಂಡರೆ ಜನ ಕೈ ಮುಗಿಯುತ್ತಿದ್ದರು. ಕುಡಿಯಲು ನೀರು ಬೇಕಾದರೆ ಗುಡಿಸಲಿನೊಳಗಿಂದ "ರಜಾಕಾರಪ್ಪಾ" ಎಂದು ಕರೆಯುತ್ತಿದ್ದರು. ಹೌದು, ಅಪ್ಪಾ ಸೇರಿಸಿ.

ಅವ್ವನ ಬಗಲಲ್ಲಿ ಗಡ್ಡೆ ಎದ್ದಿತು. ಮೂರನೆಯ ದಿನ ಬೆಳಗಿನ ಜಾವ ಹೋದಳು.

ನಾನು ಹುಣಸೆಮರದ ಬುಡದಲ್ಲಿದ್ದೆ. ಗುಡಿಸಲಿಗೂ ಮರಕ್ಕೂ ಮೂವತ್ತು ಹೆಜ್ಜೆ ಇರಬಹುದು. ಆ ಮೂವತ್ತು ಹೆಜ್ಜೆ ನಾನು ನಡೆಯಲಿಲ್ಲ. ಕಾಲು ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಕಾಲು ಸರಿಯಾಗಿಯೇ ಇತ್ತು, ಹೆದರಿದ್ದೆ.

ಮಸ್ತಾನಸಾಬ ಬಂದ. ನಾನು ಕರೆದಿರಲಿಲ್ಲ. ಕುಣಿ ತೋಡಿದ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸಿ ಮಣ್ಣು ಕೊಡುತ್ತೇವೆ, ಅದು ಅವನಿಗೆ ಗೊತ್ತಿತ್ತು. ಹೇಗೆ ಕೂಡಿಸಬೇಕೆಂಬುದು ಗೊತ್ತಿರಲಿಲ್ಲ. ಅಯ್ಯನವರು ಬರಲೊಲ್ಲೆ ಅಂದಿದ್ದರು. ಅಲ್ಲಿಂದಲೇ ಕೂಗಿ ಕೇಳಿದ: "ಮಾಸ್ತರ, ಕಾಲು ಹ್ಯಾಂಗ ಮಡಚ್ಲಿ?"

ನಾನು ಮರದ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ತೋರಿಸಿದೆ. ಅವನು ನನ್ನನ್ನು ನೋಡಿ ನೋಡಿ ನನ್ನ ಅವ್ವನನ್ನು ಕೂಡಿಸಿದ.

"ಕೊಳ್ಳಾಗಿನ ಲಿಂಗಾ ನಾ ಮುಟ್ಟಬಹುದೇನ್ರಿ?" ಎಂದು ಕೇಳಿದ. ಮುಟ್ಟು ಎಂದು ತಲೆಯಾಡಿಸಿದೆ. ಎಡಗೈಯಲ್ಲಿಡು ಎಂದು ನನ್ನ ಎಡಗೈ ಎತ್ತಿ ತೋರಿಸಿದೆ. ಅವನು ಎರಡೂ ಕೈಯನ್ನು ಮಣ್ಣಿನಲ್ಲಿ ತಿಕ್ಕಿ, ತಂಬಿಗೆಯ ನೀರಿನಿಂದ ತೊಳೆದುಕೊಂಡು, ಲಿಂಗ ತೆಗೆದು ಅವಳ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದ. ಇಷ್ಟೆಲ್ಲ ನಾನು ಮೂವತ್ತು ಹೆಜ್ಜೆ ದೂರ ಕೂತು ನೋಡಿದೆ.

ಬೇನೆ ಇಳಿದ ಮೇಲೆ, ಹೆಣ ಹೊತ್ತವರಿಗೆಲ್ಲ ತಹಸೀಲಿನಿಂದ ಮೆಚ್ಚುಗೆಯ ಸನದು ಕೊಡುವುದೆಂದಾಯಿತು. ನಮ್ಮ ಸರಹದ್ದಿನಲ್ಲಿ ಉರ್ದು ಅಕ್ಷರ ಚೆಂದ ಬರೆಯುವವನು ಯಾರು? ನಾನು. (ಜಂಬ ಅಂದುಕೊಳ್ಳಿ. ಆಗಿನ ಜಂಬ ಈಗಲೂ ಪೂರ್ತಿ ಹೋಗಿಲ್ಲ.) ಅಳಲೆಕಾಯಿ, ಅನ್ನಭೇದಿ ಹಾಕಿ ನಾನೇ ಮಸಿ ಕುದಿಸಿದೆ. ಆ ಮಸಿ ಕಾಗದವನ್ನು ಕಚ್ಚಿ ಕೂರುತ್ತದೆ, ನೂರು ವರ್ಷ ಹೋಗುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡೆ. ಬೇರೆಯವರಿಗೆ ಸುಮ್ಮನೆ ನಾಲ್ಕು ಸಾಲು ಬರೆದೆ. ಮಸ್ತಾನಸಾಬನದಕ್ಕೆ ಮಾತ್ರ ಮೂರು ದಿನ ತೆಗೆದುಕೊಂಡೆ. ಮೇಲೆ ದೊಡ್ಡದಾಗಿ ರಜಾಕಾರ ಎಂಬ ಶಬ್ದ. ಕೊನೆಯಲ್ಲಿ, ಯಾರೂ ಹೇಳದ ಒಂದು ಸಾಲು ನಾನಾಗಿ ಸೇರಿಸಿದೆ. ಸಾಹೇಬರು ಓದದೆ ಮೊಹರು ಒತ್ತಿದರು.

ಮಸ್ತಾನಸಾಬನಿಗೆ ಉರ್ದು ಓದಲು ಬರುತ್ತಿರಲಿಲ್ಲ. ಪಿಂಜಾರರ ಮನೆಮಾತು ಕನ್ನಡ. (ಹುಮನಾಬಾದಿನ ದೊಡ್ಡ ಮುಸಲ್ಮಾನರು ಅವರನ್ನು ಅರೆ ಹಿಂದೂಗಳೆಂದು ಹೀಯಾಳಿಸುತ್ತಿದ್ದರು, ಹಿಂದೂಗಳು ಪೂರಾ ತುರ್ಕರು ಅನ್ನುತ್ತಿದ್ದರು. ತುರ್ಕಸ್ತಾನ ಯಾವ ದಿಕ್ಕಿಗಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.) ನಾನು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. ಅವನು ಬಾಯಿಪಾಠ ಮಾಡಿದ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಮನೆಗೆ ಯಾರೇ ಬರಲಿ, ಅದರ ಮುಂದೆ ನಿಂತು, ಓದುತ್ತಿರುವವನ ಹಾಗೆ ಬೆರಳಿಟ್ಟು ಹೇಳುತ್ತಿದ್ದ. ಬೆರಳು ಬಲದಿಂದ ಎಡಕ್ಕೆ ಹೋಗಬೇಕಾದಲ್ಲಿ ಎಡದಿಂದ ಬಲಕ್ಕೆ ಹೋಗುತ್ತಿತ್ತು. ಆ ಕೊನೆಯ ಸಾಲು ಬಂದಾಗ ಮಾತ್ರ ಕೈ ಕೆಳಗಿಳಿಸಿ ಸುಮ್ಮನಾಗುತ್ತಿದ್ದ.

ಯಾಕೆಂದರೆ ಆ ಸಾಲು ನನ್ನ ಗುಟ್ಟು. ದಾರಿ ತೆರೆದ ಮೇಲೆ ನೀಲವ್ವ ಓಡೋಡಿ ಬಂದು "ಅವ್ವನ್ನ ಕೂಡ್ಸಿದವ್ರು ಯಾರಣ್ಣ?" ಎಂದು ಕೇಳಿದ್ದಳು. "ನಾನು" ಎಂದೆ. ಎರಡೇ ಅಕ್ಷರದ ಸುಳ್ಳು. ಅವಳು ಅದನ್ನು ಊರೂರಿಗೆ ಹೇಳಿಕೊಂಡು ತಿರುಗಿದಳು. ನಮ್ಮಣ್ಣ ಪ್ಲೇಗಿನಾಗ ಒಬ್ನಽ ಅವ್ವನ್ನ ಹೊತ್ತು ಒಯ್ದ ಅಂತ. ನನಗೆ ಹೆಣ್ಣು ಕೊಟ್ಟವರೂ ಆ ಮಾತು ಕೇಳಿಯೇ ಕೊಟ್ಟರು. ಮಸ್ತಾನಸಾಬನಿಗೆ ಇದು ಹೇಗೋ ತಿಳಿಯಿತು. ಒಂದು ದಿನವೂ ನನ್ನ ಮುಂದೆ ಎತ್ತಲಿಲ್ಲ.

ವರ್ಷಗಳು ಕಳೆದವು. ನನಗೆ ಕಲ್ಯಾಣಕ್ಕೆ ವರ್ಗವಾಯಿತು. ಆ ಶಬ್ದಕ್ಕೂ ವರ್ಗವಾಯಿತು. ಹೆಣ ಹೊರುವವರ ತೋಳಿನಿಂದ ಇಳಿದು ಹೆಣ ಬೀಳಿಸುವವರ ತೋಳಿಗೆ ಹೋಯಿತು. ಆ ಜನ ಮಸ್ತಾನಸಾಬನ ಮನೆಗೂ ಬಂದಿದ್ದರಂತೆ. ಗೋಡೆಯ ಸನದು ನೋಡಿ, ನೀನು ನಮಗಿಂತ ಹಳಬ, ಬಾ ನಮ್ಮ ಜೊತೆ ಎಂದರಂತೆ. "ನನಗ ಹೆಣಾ ಹೊರೂದು ಗೊತ್ತದ, ಹೆಣಾ ಬೀಳ್ಸೂದು ಗೊತ್ತಿಲ್ರಿ" ಎಂದನಂತೆ. ಅವತ್ತು ಅವನ ಬಿಲ್ಲು ಮುರಿದು ಹೋದರು.

ಪೊಲೀಸ್ ಆ್ಯಕ್ಷನ್ ಆಗಿ ಮಿಲಿಟರಿ ಬಂದ ವಾರ ನಾನು ಹುಮನಾಬಾದಿಗೆ ಹೋಗಿದ್ದೆ. ಮಸ್ತಾನಸಾಬ ಕೇಳಿದ: "ಈ ಕಾಗದ ಗ್ವಾಡಿ ಮ್ಯಾಲ ಇರ್ಲೇನ್ರಿ ಮಾಸ್ತರ, ತೆಗದು ಇಡ್ಲೇನ್ರಿ? ಆಜೂಬಾಜೂ ಮಂದಿ ಒಂಥರಾ ನೋಡಾಕತ್ತಾರ."

ತೆಗೆ ಎನ್ನಬೇಕಿತ್ತು. ಒಂದು ಶಬ್ದದ ಕೆಲಸ. ನಾನು ಸನದು ನೋಡಿದೆ. ಅಷ್ಟು ವರ್ಷವಾದರೂ ಮಸಿ ಮಾಸಿರಲಿಲ್ಲ, ಅಕ್ಷರದ ತಿರುವು ಈಗ ಬರೆದ ಹಾಗಿತ್ತು. ಅಂಥ ಬರಹ ಪೆಟ್ಟಿಗೆ ಸೇರುವುದು ನನಗೆ ಇಷ್ಟವಾಗಲಿಲ್ಲ. "ಇರಲಿ ಬಿಡು, ಸರ್ಕಾರದ ಮೊಹರಿದೆ, ಒಳ್ಳೆ ಕೆಲಸಕ್ಕೆ ಕೊಟ್ಟದ್ದು" ಅಂದೆ. ಯಾವ ಸರ್ಕಾರದ ಮೊಹರು? ಆ ಸರ್ಕಾರ ಹೋಗಿ ನಾಲ್ಕು ದಿನವಾಗಿತ್ತು.

ಅದಾದ ಎಂಟು ದಿನಕ್ಕೆ ಜನ ಬಾಗಿಲು ಒಡೆದರು. ಸನದು ಕೆಳಗೆ ತೆಗೆದರು. ಗುಂಪಿನಲ್ಲಿ ಉರ್ದು ಬಲ್ಲವನು ಒಬ್ಬನಿದ್ದ. ಅವನು ಮೊದಲ ಶಬ್ದ ಗಟ್ಟಿಯಾಗಿ ಓದಿದ. ಎರಡನೆಯ ಶಬ್ದ ಓದುವುದಕ್ಕೆ ಯಾರೂ ಬಿಡಲಿಲ್ಲ. (ಓದಿದವನು ನನ್ನ ಹಳೆಯ ಶಿಷ್ಯ. ತಪ್ಪಿಲ್ಲದೆ ಓದಿದನಂತೆ.) ಅಂಗಳದಲ್ಲಿ ಹೊಡೆದು, ಸನದಿನ ಸಮೇತ ಚಾವಡಿಗೆ ಒಪ್ಪಿಸಿದರು. ಯಾವ ಚಾವಡಿ, ಯಾರ ಕೈಯಲ್ಲಿತ್ತು ಎಂದು ಬರೆದು ಏನಾಗಬೇಕು?

ಖಾಸಿಂಬಿ ಕಲ್ಯಾಣಕ್ಕೆ ಬಂದಳು. ಶಾಲೆಯ ಗೇಟಿನಲ್ಲಿ ನಿಂತು ಹೇಳಿದಳು: "ನೀವು ಒಂದ್ಸಲ ಬರ್ರಿ ಮಾಸ್ತರ. ಇದು ಪ್ಲೇಗಿನಾಗಿಂದು, ನಾನಽ ಬರದದ್ದು ಅಂತ ಸಾಹೇಬ್ರ ಮುಂದ ಅನ್ರಿ. ನಿಮ್ಮ ಮಾತು ಕೇಳ್ತಾರ. ಆ ಖಾಕಿಯವ್ರು ನಿಮ್ಮ ತಂಗಿ ಗಂಡನ್ನೇ ಕೊಂದಾರ, ನೀವು ಸುಳ್ಳ ಹೇಳ್ತೀರಿ ಅಂತ ಯಾರೂ ಅನ್ನಂಗಿಲ್ಲ."

ಬರುತ್ತೇನೆ ಅಂದೆ. ಹೋಗಲಿಲ್ಲ.

ಎರಡನೆಯ ಸಲ ಬಂದಳು. ಅವನಿಗೆ ಜ್ವರ ಬಂದಿದೆ ಅಂದಳು. ಆಮೇಲೆ, ನನ್ನ ಮುಖ ನೋಡಿ ಏನೋ ಅರ್ಥವಾದವಳಂತೆ, ಸ್ವರ ತಗ್ಗಿಸಿದಳು: "ನಿಮ್ಮ ಅವ್ವನ ಸುದ್ದಿ ಹೇಳೂದು ಬ್ಯಾಡ್ರಿ. ಅದು ಯಾರ ಮುಂದೂ ತೆಗೀಬ್ಯಾಡ ಅಂತ ಇವ್ರು ನನಗ ಆಣಿ ಹಾಕ್ಯಾರ. ಬರದದ್ದು ನಾನು ಅಂತ, ಅಷ್ಟಽ ಅನ್ರಿ."

ಅಷ್ಟೇ ಹೇಗೆ ಅನ್ನಲಿ? ನಾನು ಬರೆದೆ ಎಂದರೆ ಸನದು ಪೂರ್ತಿ ಓದಿಸುತ್ತಾರೆ. ಕೊನೆಯ ಸಾಲು ಹೊರಗೆ ಬೀಳುತ್ತದೆ. ಹುಮನಾಬಾದಿನಲ್ಲಿ ಬಿದ್ದ ಮಾತು ಕಲ್ಯಾಣಕ್ಕೆ ಬರಲು ಎಷ್ಟು ಹೊತ್ತು? ಗಂಡನನ್ನು ಕಳೆದುಕೊಂಡು ನನ್ನ ಮನೆ ಸೇರಿದ ತಂಗಿಗೆ ಉಳಿದದ್ದೇ ಅಣ್ಣನ ಮೇಲಿನ ಒಂದು ಹೆಮ್ಮೆ. ಅದನ್ನು ಹೇಗೆ ಕಿತ್ತುಕೊಳ್ಳಲಿ ಎಂದು ನನಗೆ ನಾನೇ ಹೇಳಿಕೊಂಡೆ. ತಂಗಿಯ ನೆಪ. ಮಾನ ಉಳಿಸಿಕೊಳ್ಳಬೇಕಾಗಿದ್ದವನು ನಾನು.

ಇನ್ನೆರಡು ದಿನ ಬಿಟ್ಟು ಬರುತ್ತೇನೆ, ಗಲಾಟೆ ತಣ್ಣಗಾಗಲಿ ಅಂದೆ. ಎರಡು ದಿನ ಬಿಟ್ಟು ಅವನೇ ತಣ್ಣಗಾದ. ಚಾವಡಿಯಲ್ಲೇ.

ಈಗ ಸೋಮವಾರಕ್ಕೆ ಬರುತ್ತೇನೆ. ಖಾಸಿಂಬಿ ಕಟ್ಟೆಯ ಮೇಲೆ ಕೂತು ಗಂಟು ಬಿಚ್ಚಿದಳು. ಕಟ್ಟಿನ ಗಾಜು ಇರಲಿಲ್ಲ. ಕಾಗದದ ಒಂದು ಮೂಲೆಯಲ್ಲಿ ಬೂಟಿನ ಗುರುತು ಇತ್ತು. ಅಕ್ಷರಗಳು ಮಾತ್ರ ಹಾಗೆಯೇ ಇದ್ದವು.

"ಬೈಲಿಕ್ಕಿ ಬಂದಿಲ್ರಿ ಮಾಸ್ತರ. ಒಂದು ಕೆಲಸ ಆಗಬೇಕಾಗ್ಯದ" ಅಂದಳು. "ಆ ಮೊದಲಿನ ಶಬ್ದ ಅಷ್ಟಽ ಅಳಿಸಿ ಕೊಡ್ರಿ. ಉಳದದ್ದು ಎಲ್ಲಾ ಇರ್ಲಿ. ಗ್ವಾಡಿ ಮ್ಯಾಲ ಮೊಳಿ ಖಾಲಿ ಅದ. ನೋಡಾಕ ಆಗವಲ್ದು."

ಆಗಲಿ ಎಂದೆ. ಚಾಕು ತರಲು ಏಳುವಾಗ ಅವಳು ಮತ್ತೆ ಅಂದಳು: "ಮೊದ್ಲು ಒಂದ್ಸಲ ಓದ್ರಿ. ಇವ್ರು ಹೋದ ಮ್ಯಾಲ ಯಾರೂ ಓದಿಲ್ಲ."

ಓದಿದೆ. ಉರ್ದುವನ್ನು ಕನ್ನಡಕ್ಕೆ ತಿರುಗಿಸುತ್ತ, ಅಂದು ಅವನಿಗೆ ಹೇಳಿದ ಹಾಗೆಯೇ. ರಜಾಕಾರ ಮಸ್ತಾನಸಾಬ, ಪಿಂಜಾರ, ಹುಮನಾಬಾದು. ಪ್ಲೇಗ್ ಬಂದಾಗ ಯಾರೂ ಮನೆಗೆ ಹೋಗಿ ಕರೆಯದೆ ತಾನಾಗಿ ಬಂದನು. ಯಾರ ಜಾತಿಯನ್ನೂ ಕೇಳದೆ ಹೊತ್ತನು. ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳಲಿಲ್ಲ. ಹೆತ್ತ ಮಕ್ಕಳು ದೂರ ನಿಂತಾಗ ಇವನು ಹತ್ತಿರ ಹೋದನು.

ಅಷ್ಟಕ್ಕೆ ನಿಲ್ಲಿಸಿದೆ. ನೀಲವ್ವ ಬಾಗಿಲಿಗೆ ಬಂದು ನಿಂತಿದ್ದಳು. ಕೈಯಲ್ಲಿ ಜೋಳದ ಹಿಟ್ಟು. ಸನದನ್ನು ಮಡಿಲಲ್ಲಿ ಮಗುಚಿ ಹಾಕಿದೆ.

ಖಾಸಿಂಬಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಒಂದಕ್ಷರ ಓದಲು ಬರುವುದಿಲ್ಲ. ಆದರೆ ಆ ಸನದಿನಲ್ಲಿ ಎಷ್ಟು ಸಾಲು ಇವೆ ಎಂದು ಅವಳಿಗೆ ಗೊತ್ತು. ಬಾಯಿ ತೆರೆದಳು, ತಂಗಿಯನ್ನು ನೋಡಿದಳು, ಗಂಡ ಹಾಕಿದ ಆಣೆ ನೆನಪಾಯಿತೋ ಏನೋ, ಮುಚ್ಚಿದಳು. ಆಮೇಲೆ ಬಹಳ ಮೆಲ್ಲಗೆ ಅಂದಳು: "ಒಂದು ಸಾಲು ಬಿಟ್ರಿ ಮಾಸ್ತರ."

ಸತ್ತವನು ನನ್ನ ಮಾನ ಕಾಯ್ದ. ಚಾವಡಿಯಲ್ಲಿ ಹೊಡೆತ ತಿನ್ನುವಾಗಲೂ ಆ ಸಾಲು ಹೇಳಲಿಲ್ಲವಂತೆ, ಹೇಳಿದ್ದರೆ ನನ್ನನ್ನು ಹಿಡಿದು ತರಿಸುತ್ತಿದ್ದರು, ಅವನು ಬದುಕುತ್ತಿದ್ದ. ಅವನ ಹೆಂಡತಿಯ ಮುಂದೆ ಆ ಸಾಲನ್ನು ಇನ್ನೊಂದು ಸಲ ನುಂಗಲು ನನಗೆ ಆಗಲಿಲ್ಲ. ಓದಿದೆ.

ಈ ಸಾಲುಗಳನ್ನು ಬರೆದ ಕೈಯ ತಾಯಿಯನ್ನು ಮಣ್ಣಿನಲ್ಲಿ ಕೂಡಿಸಿದವನೂ ಇವನೇ.

ನೀಲವ್ವ ಅಳಲಿಲ್ಲ. ನನ್ನನ್ನು ನೋಡಲೂ ಇಲ್ಲ. ಎದುರುಮನೆಯ ಅಜ್ಜಿ ಇನ್ನೂ ತುಳಿದ ಸಂಡಿಗೆ ಆರಿಸುತ್ತ ಬೈಯುತ್ತಿದ್ದರು. ತಂಗಿ ಕೈಯ ಹಿಟ್ಟು ಒರೆಸಿಕೊಂಡು ಕಟ್ಟೆಗೆ ಬಂದು, ಖಾಸಿಂಬಿಯ ಎದುರು ಕೂತು ಕೇಳಿದಳು: "ಅವ್ವನ ಮಾರಿ ಯಾವ ಕಡಿ ಮಾಡಿ ಕೂಡ್ಸಿದ್ರಂತ?"

ಈ ಪ್ರಶ್ನೆಯನ್ನು ನನಗೂ ಕೇಳಿದ್ದಳು, ಬಹಳ ವರ್ಷದ ಹಿಂದೆ. ಬಾಯಿಗೆ ಬಂದ ದಿಕ್ಕು ಹೇಳಿದ್ದೆ.

"ಹುಲಸೂರ ಕಡಿ ಅಂತಿದ್ರವ್ವ" ಎಂದಳು ಖಾಸಿಂಬಿ. "ಸಾಯೂ ಮುಂದ, ಇವ್ರು ನೀರು ಕುಡ್ಸಾಕ ಹೋದಾಗ, ಮುದಕಿ ನೀಲಾ ನೀಲಾ ಅನ್ನಾಕತ್ತಿದ್ಳಂತ. ಮಗಳ ಊರು ಆ ಕಡಿ ಅದ ಅಂತ ಆ ಕಡಿಗೇ ಮಾರಿ ಮಾಡಿ ಕೂಡ್ಸಿದೆ ಅಂತ ಹೇಳ್ತಿದ್ರು."

ಅವ್ವ ಕೊನೆಗೆ ಏನೆಂದು ಕರೆದಳು ಎಂಬುದು ನನಗೂ ಅಂದೇ ಗೊತ್ತಾಯಿತು. ಮೂವತ್ತು ಹೆಜ್ಜೆಗೆ ಅದು ಕೇಳಿಸಿರಲಿಲ್ಲ.

ಚಾಕು ತಂದು ಕೂತೆ. ಮೊದಲ ಶಬ್ದವನ್ನು ಕೆರೆಯತೊಡಗಿದೆ. ನಾನು ಕುದಿಸಿದ ಮಸಿ, ನಾನು ಹೇಳಿದಂತೆಯೇ, ಕಾಗದವನ್ನು ಕಚ್ಚಿ ಕೂತಿತ್ತು. ಕೆರೆದಷ್ಟೂ ಕಾಗದ ಬಂತು, ಮಸಿ ಹೋಗಲಿಲ್ಲ. ಕಡೆಗೆ ತೂತಾಯಿತು. ಬೇರೆ ಬರೆದು ಕೊಡುತ್ತೇನೆ, ಆ ಶಬ್ದ ಬಿಟ್ಟು ಅಂದೆ. ಬೇಡ ಎಂದಳು.

"ತೂತಽ ಇರ್ಲಿ ಬಿಡ್ರಿ. ತೂತಿಗಿ ಯಾರೂ ಬೈಯಂಗಿಲ್ಲ."

ನೀಲವ್ವ ಅವಳಿಗೆ ಎರಡು ರೊಟ್ಟಿ, ಪುಂಡಿಪಲ್ಯ ಕಟ್ಟಿ ಕೊಟ್ಟಳು. ಬಸ್ಸಿನ ತನಕ ಹೋಗಿ ಬಿಟ್ಟು ಬಂದಳು. ನನ್ನ ಮನೆ ಸೇರಿದ ಮೇಲೆ ಅವಳು ಓಣಿಗೆ ಇಳಿದದ್ದು ಅದೇ ಮೊದಲು. ಬಂದು ಮತ್ತೆ ಒಲೆಯ ಮುಂದೆ ಕೂತಳು. ಸೋಮವಾರದಿಂದ ಇವತ್ತಿನ ತನಕ ಹೊತ್ತು ಹೊತ್ತಿಗೆ ನನ್ನ ತಾಟು ಬರುತ್ತದೆ. ಅಣ್ಣ ಎಂಬ ಶಬ್ದ ಬರುವುದಿಲ್ಲ.

ಇದನ್ನೆಲ್ಲ ಈಗ ಅಚ್ಚು ಹಾಕಿ ಏನು ಪ್ರಯೋಜನ ಎಂದು ಕೇಳುವಿರಿ. ಏನೂ ಇಲ್ಲ. ಈ ಪೇಪರು ಚಾವಡಿಯ ಬಾಗಿಲು ತೆಗೆಯುವುದಿಲ್ಲ, ತೆಗೆದರೂ ಒಳಗೆ ಯಾರೂ ಇಲ್ಲ. ಎದುರುಮನೆಯ ಅಜ್ಜಿ ನಾಳೆ ಇನ್ನೊಂದು ಹೋತಕ್ಕೆ ಅದೇ ಹೆಸರಿಡುತ್ತಾರೆ. ಹುಮನಾಬಾದಿನಲ್ಲಿ ಪಿಂಜಾರರ ಮಕ್ಕಳು ಶಾಲೆಗೆ ಹೋಗುವಾಗ ಹಿಂದಿನಿಂದ ಅದೇ ಕೂಗು ಬರುತ್ತಿದೆ ಎಂದು ಖಾಸಿಂಬಿ ಹೇಳಿದಳು. ನನ್ನ ತಂಗಿಯ ಕಿವಿಯಲ್ಲಿ ಆ ಶಬ್ದಕ್ಕೆ ಬಂದೂಕಿನ ಸದ್ದು ಸೇರಿಕೊಂಡಿದೆ, ಅದನ್ನು ಯಾವ ನಿಘಂಟು ತೆಗೆಯುತ್ತದೆ? ಶಬ್ದದ ಬೇರು ತೊಳೆದು ತೋರಿಸಿದರೆ ಜನ ಶುದ್ಧರಾಗುತ್ತಾರೆ ಎಂದು ಎರಡು ವರ್ಷ ನಿಮ್ಮನ್ನು ನಂಬಿಸಿದೆ. ಮೋರಖಂಡಿಯವನು ಹೇಳಿದ್ದೇ ಸರಿ.

ಆದರೂ ಮೂವರು ಓದುಗರಿಗೆ ಉತ್ತರ ಬಾಕಿಯಿದೆ. ಬರೆದುಕೊಳ್ಳಿ. ರಜಾ ಎಂದರೆ ಒಪ್ಪಿಗೆ, ಸ್ವಂತ ಇಚ್ಛೆ. (ಮಾಸ್ತರರು ಕೇಳಿ ಪಡೆಯುವ ರಜಾ ಕೂಡ ಇದೇ.) ಕಾರ ಎಂದರೆ ಮಾಡುವವನು. ರಜಾಕಾರ ಎಂದರೆ ಯಾರೂ ಕರೆಯದಿದ್ದರೂ ತಾನಾಗಿ ಎದ್ದು ಬರುವವನು.

ಈಗ ನನ್ನದೊಂದು ಪ್ರಶ್ನೆ. ಎರಡು ಸಲ ಬಂದು ಕರೆದರೂ ಏಳದೆ ಕೂತವನಿಗೆ ನಿಮ್ಮ ಊರಿನಲ್ಲಿ ಯಾವ ಬೈಗುಳವಿದೆ?